ಚೀಟಿ ಬರುವ ಮೊದಲೇ: ಶಾಲಾ ಗ್ರಂಥಪಾಲಕರು ತರಗತಿ ಶಿಕ್ಷಕರ ಜೊತೆ ಕೆಲಸ ಮಾಡುವ ಬಗೆ

ಕೆಲಸಕ್ಕೆ ಸೇರಿದ ಹೊಸತರ ಮಾತು. ಎಂಟನೇ ತರಗತಿಯ ಇಬ್ಬರು ಮಕ್ಕಳು ಚೀಟಿ ಹಿಡಿದು ಗ್ರಂಥಾಲಯಕ್ಕೆ ಬಂದರು. ‘ಸೂಕ್ಷ್ಮಜೀವಿಗಳ ಬಗ್ಗೆ ಇರುವ ಪುಸ್ತಕಗಳನ್ನು ಕಳುಹಿಸಿಕೊಡಿ’ ಎಂದು ವಿಜ್ಞಾನದ ಮೇಡಂ ಬರೆದಿದ್ದರು. ಯಾರೋ ಕೇಳಿದರಲ್ಲ ಎಂಬ ಹುಮ್ಮಸ್ಸಿನಲ್ಲಿ ಏಳು ಪುಸ್ತಕ ಹುಡುಕಿ, ದೂಳು ಒರೆಸಿ ಕಳುಹಿಸಿದೆ. ಮರುದಿನ ಏಳೂ ಕಟ್ಟಿದ ದಾರ ಬಿಚ್ಚದೆ ವಾಪಸಾದವು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೇಡಂ ಸಿಕ್ಕಾಗ ವಿಷಯ ತಿಳಿಯಿತು. ಪಾಠ ಅದಾಗಲೇ ಮುಗಿಯುವ ಹಂತದಲ್ಲಿತ್ತು. ಅವರಿಗೆ ಬೇಕಾಗಿದ್ದದ್ದು, ರಾತ್ರಿ ಇಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಏಕೆ ಉಬ್ಬಿರುತ್ತದೆ ಎಂಬುದನ್ನು ಮಕ್ಕಳೇ ಓದಿ ತಿಳಿದುಕೊಳ್ಳಬಹುದಾದ ಎರಡು ಪುಟ. ನಾನು ಕಳುಹಿಸಿದ್ದರಲ್ಲಿ ಪದವಿ ತರಗತಿಯ ಸೂಕ್ಷ್ಮಜೀವಶಾಸ್ತ್ರವೇ ಹೆಚ್ಚು.

ಅವರು ವಿಷಯ ಬರೆದಿದ್ದರು, ಪ್ರಶ್ನೆ ಬರೆದಿರಲಿಲ್ಲ. ನಾನು ಪುಸ್ತಕ ಹುಡುಕಿದೆ, ಪಾಠ ಯಾವ ಹಂತದಲ್ಲಿದೆ ಎಂದು ಕೇಳಲಿಲ್ಲ. ನಮ್ಮ ಶಾಲೆಗಳಲ್ಲಿ ಗ್ರಂಥಾಲಯಕ್ಕೂ ತರಗತಿಗೂ ಇರುವ ನಂಟು ಬಹುಮಟ್ಟಿಗೆ ಇಷ್ಟೇ: ಒಂದು ಚೀಟಿ, ಒಂದು ಕಟ್ಟು, ಒಂದು ಸಹಿ.

ಇದಕ್ಕೆ ಸೋಮಾರಿತನ ಕಾರಣವಲ್ಲ. ಪಾಠ ನಡೆಯುವುದು ಪಠ್ಯಪುಸ್ತಕದ ಕ್ರಮದಲ್ಲಿ; ಕಪಾಟು ನಿಂತಿರುವುದು ಡ್ಯೂಯಿ ದಶಮಾಂಶ ವರ್ಗೀಕರಣದ ಕ್ರಮದಲ್ಲಿ, ಅಂದರೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮದಲ್ಲಿ. ಆ ಕ್ರಮದ ಪ್ರಕಾರ ಸೂಕ್ಷ್ಮಜೀವಿಗಳು 579ರಲ್ಲಿ, ಅವು ತರುವ ಕಾಯಿಲೆಗಳು 616ರಲ್ಲಿ, ಅಡುಗೆಮನೆಯ ಇಡ್ಲಿ ಹಿಟ್ಟು 641ರಲ್ಲಿ. ಶಿಕ್ಷಕರಿಗೆ ಅದು ಒಂದೇ ಪಾಠ, ನಮಗೆ ಮೂರು ಕಪಾಟು. ಈ ಎರಡು ಕ್ರಮಗಳ ನಡುವೆ ಓಡಾಡುವವರೇ ಶಾಲಾ ಗ್ರಂಥಪಾಲಕರು. ಪುಸ್ತಕ ಕೊಡುವುದು, ಪಡೆಯುವುದು, ಬೆನ್ನಿಗೆ ಚೀಟಿ ಅಂಟಿಸುವುದು ಇವೆಲ್ಲ ಆಮೇಲಿನ ಮಾತು.

ನಮ್ಮ ವೃತ್ತಿಯವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ ಅವರ ಚಿತ್ರಕ್ಕೆ ಪ್ರತಿ ಆಗಸ್ಟ್ 12ರಂದು ಹಾರ ಹಾಕುತ್ತೇವೆ. ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ಗಣಿತದ ಮೇಷ್ಟ್ರಾಗಿದ್ದರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಶಾಲೆಯಲ್ಲಿ ಆ ಸಮಯ ಒಂದು ಅವಧಿಗೆ ನಲವತ್ತೇ ನಿಮಿಷ.

ನನ್ನ ಶಾಲೆಯಲ್ಲಿ ಎಡವಿ, ತಿದ್ದಿಕೊಂಡು ಕಲಿತದ್ದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಜೂನ್‌ನಲ್ಲಿ ಪಠ್ಯಪುಸ್ತಕ ಓದಿ

ಶಾಲೆ ತೆರೆದ ಮೊದಲ ವಾರವೇ ಎಲ್ಲ ತರಗತಿಗಳ ಪಠ್ಯಪುಸ್ತಕಗಳ ಒಂದೊಂದು ಪ್ರತಿಯನ್ನು ಗ್ರಂಥಾಲಯಕ್ಕೆ ತರಿಸಿಕೊಳ್ಳಿ. ಅಚ್ಚಾದ ಪ್ರತಿ ಸಿಗದಿದ್ದರೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಇಡೀ ಪುಸ್ತಕವನ್ನು ಗಟ್ಟಿ ಮಾಡಬೇಕಾಗಿಲ್ಲ. ಪರಿವಿಡಿ, ಪ್ರತಿ ಪಾಠದ ಕೊನೆಯಲ್ಲಿರುವ ಚಟುವಟಿಕೆ, ‘ಇನ್ನಷ್ಟು ತಿಳಿಯಿರಿ’ ಎಂಬಂಥ ಚೌಕಟ್ಟುಗಳು, ಇಷ್ಟು ಓದಿದರೆ ಸಾಕು. ಪಠ್ಯಪುಸ್ತಕ ಎಲ್ಲೆಲ್ಲಿ ‘ಮಾಹಿತಿ ಸಂಗ್ರಹಿಸಿ’ ಎಂದು ಹೇಳಿ ಕೈ ತೊಳೆದುಕೊಂಡಿದೆಯೋ ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಆ ಜಾಗಗಳೇ ನಮ್ಮವು.

ಬಳಿಕ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ತಿಂಗಳಿಗೊಂದಿಷ್ಟು ಪುಟ ಹಂಚಿ. ಎಡಪುಟದಲ್ಲಿ ತರಗತಿ, ವಿಷಯ, ಪಾಠ; ಬಲಪುಟದಲ್ಲಿ ನಮ್ಮಲ್ಲಿರುವ ಪುಸ್ತಕ, ಅದರ ಕರೆ ಸಂಖ್ಯೆ (ಕಪಾಟಿನಲ್ಲಿ ಅದರ ಜಾಗ ತಿಳಿಸುವ, ಬೆನ್ನಿನ ಮೇಲಿನ ಸಂಖ್ಯೆ), ಮುಖ್ಯವಾಗಿ ಪುಟ ಸಂಖ್ಯೆ. ಶಿಕ್ಷಕರು ಜೂನ್‌ನಲ್ಲಿ ಮುಖ್ಯೋಪಾಧ್ಯಾಯರಿಗೆ ವಾರ್ಷಿಕ ಕ್ರಿಯಾ ಯೋಜನೆ ಬರೆದು ಕೊಡುತ್ತಾರಲ್ಲ, ಅದರ ನಕಲು ಕೇಳಿ ಪಡೆದರೆ ಯಾವ ಪಾಠ ಯಾವ ತಿಂಗಳು ಎಂಬುದು ಸಿಗುತ್ತದೆ. ಯೋಜನೆ ಬರೆದಂತೆಯೇ ನಡೆಯುವುದಿಲ್ಲ. ಮಳೆ ರಜೆ, ತರಬೇತಿ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಂದು ಎರಡು ವಾರ ಹಿಂದೆ ಮುಂದೆ ಆಗುತ್ತದೆ. ಆದರೂ ಬುಧವಾರ ಚೀಟಿ ಬಂದಾಗ ಬೆಚ್ಚುವುದು ತಪ್ಪುತ್ತದೆ.

ಈ ನೋಟ್‌ಬುಕ್ಕಿಗೆ ನಾನು ‘ಪಾಠದ ಪುಸ್ತಕ’ ಎಂದೇ ಹೆಸರಿಟ್ಟಿದ್ದೇನೆ. ಇದೊಂದಿದ್ದರೆ ಅರ್ಧ ಕೆಲಸ ಆದಂತೆ.

ಎರಡನೆಯದು: ಸಭೆಯಲ್ಲಿ ಘೋಷಿಸಬೇಡಿ, ಒಬ್ಬರನ್ನು ಆರಿಸಿ

ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ‘ಎಲ್ಲರೂ ಗ್ರಂಥಾಲಯವನ್ನು ಬಳಸಿಕೊಳ್ಳಬೇಕು’ ಎಂದು ವಿನಂತಿಸಿಕೊಂಡ ಗ್ರಂಥಪಾಲಕರನ್ನು ಹಲವರನ್ನು ಕಂಡಿದ್ದೇನೆ. ನಾನೂ ಅವರಲ್ಲೊಬ್ಬ. ಎಲ್ಲರೂ ತಲೆಯಾಡಿಸುತ್ತಾರೆ, ಟೀ ಬರುತ್ತದೆ, ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದಂತಲ್ಲ.

ಒಬ್ಬ ಶಿಕ್ಷಕರು, ಒಂದು ತರಗತಿ, ಒಂದು ಪಾಠ: ಇಷ್ಟರಿಂದ ಶುರು ಮಾಡಿ. ಯಾರನ್ನು ಆರಿಸಬೇಕು? ತಾವೇ ಪುಸ್ತಕ ಓದುವ ಅಭ್ಯಾಸವಿರುವವರು ಎಂದು ಥಟ್ಟನೆ ತೋಚುತ್ತದೆ. ನನ್ನ ಅನುಭವ ಬೇರೆ. ಓದುವ ಶಿಕ್ಷಕರ ಬಳಿ ಅವರದೇ ಪುಸ್ತಕಗಳಿರುತ್ತವೆ. ಹೊಸದಾಗಿ ಸೇರಿದವರು, ಅಥವಾ ತಮ್ಮದಲ್ಲದ ವಿಷಯವನ್ನು ಪಾಠ ಮಾಡಬೇಕಾಗಿ ಬಂದವರು ನಮ್ಮ ನೆರವನ್ನು ಹೆಚ್ಚು ಸಂತೋಷದಿಂದ ಸ್ವೀಕರಿಸುತ್ತಾರೆ. ಗಣಿತದ ಸರ್ ರಜೆಯಲ್ಲಿದ್ದಾಗ ಭೌತವಿಜ್ಞಾನದವರು ಗಣಿತ ತೆಗೆದುಕೊಳ್ಳುವ ಶಾಲೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ‘ಮೇಡಂ, ಮುಂದಿನ ವಾರ ನೀವು ಸೂಕ್ಷ್ಮಜೀವಿಗಳ ಪಾಠ ಶುರು ಮಾಡುತ್ತೀರಿ ಅಂದುಕೊಂಡಿದ್ದೇನೆ. ಈ ಪುಸ್ತಕದಲ್ಲಿ ಹುದುಗುವಿಕೆಯ ಬಗ್ಗೆ ಎರಡು ಪುಟ ಚೆನ್ನಾಗಿವೆ, ಗುರುತು ಹಾಕಿದ್ದೇನೆ, ಒಮ್ಮೆ ನೋಡಿ’ ಎಂದು ಒಂದೇ ಪುಸ್ತಕ ಕೊಟ್ಟು ಬನ್ನಿ. ಎರಡನೆಯದು ಕೊಡಬೇಡಿ. ಹೊತ್ತಗೆಗಳ ರಾಶಿ ಕಂಡರೆ ಶಿಕ್ಷಕರಿಗೂ ಮನೆಪಾಠದ ಭಯ ಬರುತ್ತದೆ.

ಮೂರನೆಯದು: ಹತ್ತು ನಿಮಿಷದ ಮಾತು

ಪುಸ್ತಕ ಇಷ್ಟವಾಯಿತು ಎಂದಾದರೆ ಒಮ್ಮೆ ಕುಳಿತು ಮಾತನಾಡಬೇಕು. ಊಟದ ಬಿಡುವು ಬೇಡ. ಬಿಸಿಯೂಟದ ಉಸ್ತುವಾರಿಯಲ್ಲಿರುವವರಿಗೆ ಅದು ಬಿಡುವೇ ಅಲ್ಲ. ಶಿಕ್ಷಕರ ಖಾಲಿ ಅವಧಿ ಯಾವುದೆಂದು ವೇಳಾಪಟ್ಟಿಯಲ್ಲಿ ನೋಡಿಕೊಂಡು, ಹಿಂದಿನ ದಿನವೇ ಹೇಳಿ, ಹತ್ತೇ ನಿಮಿಷ ಕೇಳಿ. ಹತ್ತು ಎಂದು ಹೇಳಿದರೆ ಹತ್ತಕ್ಕೇ ಏಳಿ. ಮುಂದಿನ ಬಾರಿ ನಿಮ್ಮನ್ನು ಕಂಡು ಅವರು ದಾರಿ ಬದಲಿಸದಿರುವುದು ಇದರ ಮೇಲೆ ನಿಂತಿದೆ.

ಕೇಳಬೇಕಾದ್ದು ಇಷ್ಟು: ಪಾಠ ಮುಗಿದಾಗ ಮಕ್ಕಳು ಏನನ್ನು ಹೇಳಬಲ್ಲವರಾಗಬೇಕು? ಎಲ್ಲಿ ತೊಡಕುತ್ತಾರೆ? ತರಗತಿಯಲ್ಲಿ ಸರಾಗವಾಗಿ ಓದುವವರು ಎಷ್ಟು ಜನ, ಅಕ್ಷರ ಕೂಡಿಸಿ ಓದುವವರು ಎಷ್ಟು ಜನ? ನನಗೆ ಯಾವ ಅವಧಿ ಸಿಗುತ್ತದೆ? ಇದಕ್ಕೆ ಅಂಕ ಇದೆಯೇ?

ಮೂರನೆಯ ಪ್ರಶ್ನೆಯನ್ನು ಕೇಳಲು ಗ್ರಂಥಪಾಲಕರು ಹಿಂಜರಿಯುತ್ತಾರೆ. ಒಂಬತ್ತನೇ ತರಗತಿಯಲ್ಲಿ ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ ಎಂದು ಒಪ್ಪಿಕೊಳ್ಳುವುದು ಶಿಕ್ಷಕರಿಗೆ ಮುಜುಗರದ ಸಂಗತಿ, ಅದನ್ನು ಕೇಳುವುದು ನಮಗೆ ಮುಜುಗರ. ಆದರೆ ಆ ಉತ್ತರ ಗೊತ್ತಿಲ್ಲದೆ ಪುಸ್ತಕ ಆರಿಸಿದರೆ ನನ್ನ ಏಳು ಪುಸ್ತಕಗಳ ಕಥೆಯೇ ಮತ್ತೆ ಆಗುತ್ತದೆ. ‘ಯಾರೆಂದು ಹೆಸರು ಬೇಡ, ಸಂಖ್ಯೆ ಹೇಳಿ ಸಾಕು’ ಎಂದರೆ ಹೇಳುತ್ತಾರೆ.

ನಾಲ್ಕನೆಯದು: ಪ್ರಶ್ನೆಯನ್ನು ಇಬ್ಬರೂ ಸೇರಿ ಬರೆಯಿರಿ

ಕೆಲಸದ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಶಾಲೆಗಳಲ್ಲಿ ‘ಯೋಜನೆ’ ಎಂಬ ಹೆಸರಿನಲ್ಲಿ ನಡೆಯುವುದು ಏನೆಂದು ಎಲ್ಲರಿಗೂ ಗೊತ್ತು. ‘ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಮಾಹಿತಿ ಸಂಗ್ರಹಿಸಿ’ ಎಂದು ಶಿಕ್ಷಕರು ಹೇಳುತ್ತಾರೆ. ಮಗು ಸ್ಟೇಷನರಿ ಅಂಗಡಿಗೆ ಹೋಗಿ ಮುಖಚಿತ್ರಗಳ ಹಾಳೆ ಕೊಳ್ಳುತ್ತದೆ. ಸೈಬರ್ ಸೆಂಟರಿನವರು ಅಂತರ್ಜಾಲದಿಂದ ಎರಡು ಪುಟ ಮುದ್ರಿಸಿ ಕೊಡುತ್ತಾರೆ. ಅಮ್ಮನೋ ಅಕ್ಕನೋ ಅದನ್ನು ಬಣ್ಣದ ಹಾಳೆಗೆ ನಕಲು ಮಾಡುತ್ತಾರೆ. ಶಿಕ್ಷಕರು ಸಹಿ ಹಾಕುತ್ತಾರೆ. ಇಷ್ಟೆಲ್ಲ ಕೈ ದಾಟಿದರೂ ಆ ಎರಡು ಪುಟವನ್ನು ಒಬ್ಬರೂ ಓದಿರುವುದಿಲ್ಲ.

ಇದರಲ್ಲಿ ಮಕ್ಕಳದೇನೂ ತಪ್ಪಿಲ್ಲ. ನಕಲು ಮಾಡಿ ಮುಗಿಸಬಹುದಾದ ಪ್ರಶ್ನೆಯನ್ನು ನಾವು ಕೊಟ್ಟಿದ್ದೇವೆ. ಪ್ರಶ್ನೆ ಬದಲಿಸಬೇಕು, ಅದನ್ನು ಶಿಕ್ಷಕರೊಬ್ಬರೇ ಮಾಡಲಾರರು. ಯಾವ ಆಕರ ಕೈಗೆ ಸಿಗುತ್ತದೆ ಎಂಬುದು ನಮಗೆ ಗೊತ್ತು, ಯಾವ ತಿಳಿವಳಿಕೆ ಬೇಕು ಎಂಬುದು ಅವರಿಗೆ ಗೊತ್ತು.

ನಮ್ಮಲ್ಲಿ ಮಾಡಿದ ಒಂದು ಪಾಠವನ್ನೇ ಹೇಳುತ್ತೇನೆ. ಸಮಾಜ ವಿಜ್ಞಾನದ ಸರ್ ‘ಕರ್ನಾಟಕದಲ್ಲಿ ಸ್ವಾತಂತ್ರ್ಯ ಹೋರಾಟ’ ಎಂಬ ಯೋಜನೆ ಕೊಡುವವರಿದ್ದರು. ಇಬ್ಬರೂ ಕುಳಿತು ಅದನ್ನು ಒಂದೇ ಘಟನೆಗೆ ಇಳಿಸಿದೆವು: ವಿದುರಾಶ್ವತ್ಥ, 1938ರ ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ಆ ಊರಿನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಎಷ್ಟು ಜನ ಸತ್ತರು ಎಂಬ ಬಗ್ಗೆ ಎಲ್ಲ ಬರಹಗಳೂ ಒಂದೇ ಸಂಖ್ಯೆ ಹೇಳುವುದಿಲ್ಲ. ಆ ವ್ಯತ್ಯಾಸವೇ ನಮ್ಮ ಪ್ರಶ್ನೆಯಾಯಿತು: ‘ನಿಮಗೆ ಸಿಕ್ಕ ಎರಡು ಬರಹಗಳು ಎಷ್ಟೆಷ್ಟು ಎನ್ನುತ್ತವೆ? ಬರೆದವರು ಯಾರು, ಯಾವಾಗ ಬರೆದರು, ಅವರಿಗೆ ಹೇಗೆ ಗೊತ್ತಾಯಿತು? ನೀವು ಯಾವುದನ್ನು ನಂಬುತ್ತೀರಿ, ಏಕೆ?’

ಇದಕ್ಕೆ ಉತ್ತರ ಸೈಬರ್ ಸೆಂಟರಿನಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಹುಡುಕುವಾಗ ಮಕ್ಕಳು ಇನ್ನೊಂದು ಕಡೆ ಸಿಕ್ಕಿಬಿದ್ದರು. ಊರು ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದರೆ ಆ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ನೋಡಬೇಕೆಂದರೆ ಕೋಲಾರ ಜಿಲ್ಲೆಯ ಸಂಪುಟ ತೆಗೆಯಬೇಕು. 1973ಕ್ಕೆ ಮೊದಲಿನ ಪುಸ್ತಕವಾದರೆ ಹೊದಿಕೆಯ ಮೇಲೆ ‘ಕರ್ನಾಟಕ’ ಎಂಬ ಹೆಸರೇ ಇರುವುದಿಲ್ಲ, ‘ಮೈಸೂರು ರಾಜ್ಯ’ ಎಂದಿರುತ್ತದೆ. ಹುಡುಕುವ ಪದವೇ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ನಾನು ಹಲಗೆಯ ಮೇಲೆ ಬರೆದು ವಿವರಿಸಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಸಿಗದೆ ಪರದಾಡಿದ ಹುಡುಗಿಗೆ ಅದು ಮರೆಯುವುದಿಲ್ಲ.

ನಿಮ್ಮೂರು ಉತ್ತರ ಕನ್ನಡದಲ್ಲಿದ್ದರೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಶಿಕಾರಿಪುರದ ಕಡೆಯಾದರೆ 1942ರ ಈಸೂರು, ಬೆಳಗಾವಿಯಾದರೆ 1824ರ ಕಿತ್ತೂರು. ದೊಡ್ಡ ವಿಷಯವನ್ನು ಊರಿನ ಸಮೀಪದ ಒಂದು ಘಟನೆಗೆ ಇಳಿಸಿ, ಎರಡು ಆಕರಗಳನ್ನು ಎದುರುಬದುರು ಇಟ್ಟರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ವಿಜ್ಞಾನಕ್ಕೂ ಇದೇ ದಾರಿ. ‘ಸೂಕ್ಷ್ಮಜೀವಿಗಳ ಉಪಯೋಗ ಬರೆಯಿರಿ’ ಎನ್ನುವ ಬದಲು ‘ಇಡ್ಲಿ ಹಿಟ್ಟಿಗೆ ನಾವು ಹೆಪ್ಪು ಹಾಕುವುದಿಲ್ಲ, ಹಾಲಿಗೆ ಹಾಕುತ್ತೇವೆ. ಹಾಗಾದರೆ ಹಿಟ್ಟನ್ನು ಉಬ್ಬಿಸಿದವರು ಎಲ್ಲಿಂದ ಬಂದರು?’ ಎಂದು ಕೇಳಿ. ಉದ್ದು ಅಕ್ಕಿಗಳಲ್ಲೇ ಇರುವ ಬ್ಯಾಕ್ಟೀರಿಯಾಗಳವರೆಗೆ ಮಕ್ಕಳು ಓದಿಕೊಂಡೇ ತಲುಪುತ್ತಾರೆ, ಅಜ್ಜಿಯನ್ನೂ ಕೇಳಿಕೊಂಡು ಬರುತ್ತಾರೆ.

ಐದನೆಯದು: ಬುಟ್ಟಿ ಸಿದ್ಧಮಾಡಿ

ಪಾಠಕ್ಕೆ ಬೇಕಾದ ಪುಸ್ತಕಗಳನ್ನು ಒಂದು ಬುಟ್ಟಿಯಲ್ಲಿಟ್ಟು ತರಗತಿಗೆ ಕಳುಹಿಸಿ. ಪ್ಲಾಸ್ಟಿಕ್ ತರಕಾರಿ ಬುಟ್ಟಿ ಸಾಕು, ನಮ್ಮಲ್ಲಿ ಅದೇ ಇದೆ. ನಲವತ್ತು ಮಕ್ಕಳಿದ್ದರೆ ಎಂಟರಿಂದ ಹತ್ತು ಪುಸ್ತಕ: ಅರ್ಧದಷ್ಟು ಆ ತರಗತಿಯ ಮಟ್ಟದವು, ಮೂರ್ನಾಲ್ಕು ಅದಕ್ಕಿಂತ ಸುಲಭವಾದವು, ಒಂದೆರಡು ಸವಾಲಿನವು. ಸುಲಭದ್ದನ್ನು ‘ಚಿಕ್ಕ ಮಕ್ಕಳ ಪುಸ್ತಕ’ ಎಂದು ಕರೆಯಬೇಡಿ, ಹಾಗೆ ಕರೆದ ಕ್ಷಣದಿಂದ ಯಾರೂ ಮುಟ್ಟುವುದಿಲ್ಲ.

ಪ್ರತಿ ಪುಸ್ತಕದಲ್ಲೂ ಹೊರಗೆ ಕಾಣುವಂತೆ ಒಂದು ಕಾಗದದ ಪಟ್ಟಿ ಇಟ್ಟು ಪುಟ ಸಂಖ್ಯೆ ಬರೆಯಿರಿ. ಮೊದಲ ಎರಡು ಬಾರಿ ಮಾತ್ರ. ಮೂರನೇ ಬಾರಿಯಿಂದ ಪಟ್ಟಿ ತೆಗೆದುಬಿಡಿ, ಮಕ್ಕಳೇ ಪುಸ್ತಕದ ಕೊನೆಯ ಪದಸೂಚಿ ನೋಡಿ ಹುಡುಕಲಿ. ಹಳೆಯ ‘ಬಾಲ ವಿಜ್ಞಾನ’ ಸಂಚಿಕೆಗಳು, ವಿಷಯವಾರು ಕತ್ತರಿಸಿಟ್ಟ ಪತ್ರಿಕಾ ತುಣುಕುಗಳು ಬುಟ್ಟಿಗೆ ಚೆನ್ನಾಗಿ ಒಗ್ಗುತ್ತವೆ. ಕನ್ನಡದಲ್ಲಿ ಸುಲಭ ಓದಿನ ಪುಸ್ತಕ ಸಾಲದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅವುಗಳ ಪರವಾನಗಿ ಮುದ್ರಿಸಿಕೊಳ್ಳಲೂ ಅವಕಾಶ ಕೊಡುತ್ತದೆ.

ಆರನೆಯದು: ನಲವತ್ತು ನಿಮಿಷ ಯಾರದು?

ಗ್ರಂಥಾಲಯದ ಅವಧಿ ಬಂತೆಂದರೆ ಶಿಕ್ಷಕರು ಮಕ್ಕಳನ್ನು ಬಾಗಿಲಿನವರೆಗೆ ಬಿಟ್ಟು ಉತ್ತರಪತ್ರಿಕೆ ತಿದ್ದಲು ಹೋಗುವುದು ರೂಢಿ. ಪಾಪ, ತಿದ್ದಬೇಕಾದ್ದು ಅಷ್ಟಿರುತ್ತದೆ. ಆದರೆ ಜೊತೆಯಾಗಿ ಮಾಡುವ ಪಾಠಕ್ಕೆ ಇಬ್ಬರೂ ಕೋಣೆಯಲ್ಲಿರಬೇಕು ಎಂಬುದನ್ನು ಹತ್ತು ನಿಮಿಷದ ಮಾತಿನಲ್ಲೇ ಸ್ಪಷ್ಟಪಡಿಸಿಕೊಳ್ಳಿ.

ನಮ್ಮ ಹಂಚಿಕೆ ಹೀಗಿದೆ. ಮೊದಲ ಐದು ನಿಮಿಷ ಶಿಕ್ಷಕರದು: ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಪಾಠಕ್ಕೆ ಅದು ಹೇಗೆ ಸೇರುತ್ತದೆ ಎಂದು ಹೇಳುತ್ತಾರೆ. ಮುಂದಿನ ಐದು ನನ್ನದು: ಆ ದಿನಕ್ಕೆ ಬೇಕಾದ ಒಂದೇ ಒಂದು ಕೌಶಲ. ಪರಿವಿಡಿಗೂ ಪದಸೂಚಿಗೂ ಏನು ವ್ಯತ್ಯಾಸ, ಪ್ರಕಟವಾದ ವರ್ಷ ಎಲ್ಲಿರುತ್ತದೆ, ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ತನ್ನ ಮಾತಿನಲ್ಲಿ ಬರೆಯುವುದು ಹೇಗೆ, ಇವುಗಳಲ್ಲಿ ಒಂದು. ಎರಡು ಕಲಿಸಲು ಹೋದರೆ ಎರಡೂ ಹೋಗುತ್ತವೆ. ಆಮೇಲಿನ ಇಪ್ಪತ್ತು ನಿಮಿಷ ಮಕ್ಕಳು ಗುಂಪಿನಲ್ಲಿ ಓದುತ್ತಾರೆ, ನಾವಿಬ್ಬರೂ ಗುಂಪುಗಳ ನಡುವೆ ಓಡಾಡುತ್ತೇವೆ. ನಾನು ‘ಎಲ್ಲಿ ಸಿಕ್ಕಿತು?’ ಎಂದು ಕೇಳುತ್ತೇನೆ, ಅವರು ‘ಇದರರ್ಥ ಏನು?’ ಎಂದು ಕೇಳುತ್ತಾರೆ. ಕೊನೆಯ ಹತ್ತು ನಿಮಿಷ ಗುಂಪಿಗೊಬ್ಬರು ಎದ್ದು ಹೇಳುತ್ತಾರೆ.

ಮೌನ ಇರುವುದಿಲ್ಲ. ‘ಮೌನವಾಗಿರಿ’ ಎಂಬ ಫಲಕವನ್ನು ನಾನೇ ಇಳಿಸಿ ಬೀರುವಿನ ಹಿಂದೆ ಇಟ್ಟಿದ್ದೇನೆ.

ಕನ್ನಡ ಶಿಕ್ಷಕರ ಜೊತೆ ಶುರು ಮಾಡುವವರಿಗೆ ಒಂದು ಸಲಹೆ: ನಿಘಂಟು ನೋಡುವ ಪಾಠದಿಂದ ಶುರು ಮಾಡಿ. ಹೈಸ್ಕೂಲಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಅ ಆ ಇ ಈ ಹಾಡಿನಂತೆ ಹೇಳುತ್ತಾರೆ, ಆದರೆ ನಿಘಂಟಿನಲ್ಲಿ ‘ಕ್ಷಮೆ’ ಹುಡುಕಲು ಹೇಳಿದರೆ ಕೊನೆಯ ಪುಟಕ್ಕೆ ಹೋಗುತ್ತಾರೆ, ಏಕೆಂದರೆ ವರ್ಣಮಾಲೆಯ ಪಟದಲ್ಲಿ ಕ್ಷ ಕೊನೆಯಲ್ಲಿತ್ತು. ಅದು ಕಕಾರಕ್ಕೆ ಷಕಾರದ ಒತ್ತು, ಹಾಗಾಗಿ ‘ಕ’ದಲ್ಲೇ ಸಿಗುತ್ತದೆ ಎಂಬುದು ವ್ಯಾಕರಣದ ಸಂಯುಕ್ತಾಕ್ಷರ ಪಾಠವೂ ಹೌದು, ಗ್ರಂಥಾಲಯದ ಪಾಠವೂ ಹೌದು. ಅನುಸ್ವಾರದ ‘ಅಂಕ’ ಸಾಮಾನ್ಯವಾಗಿ ‘ಅಕ್ಕ’ನಿಗಿಂತ ಮೊದಲು ಬರುತ್ತದೆ ಎಂಬುದು ಎಷ್ಟೋ ದೊಡ್ಡವರಿಗೂ ಹೊಸ ಸುದ್ದಿ. ನಾಲ್ಕು ನಿಘಂಟು, ಗುಂಪಿಗೆ ಹತ್ತು ಪದ, ಒಂದು ಗಡಿಯಾರ, ಇಷ್ಟಿದ್ದರೆ ಆ ಅವಧಿ ಕಬಡ್ಡಿ ಪಂದ್ಯದ ಹಾಗಿರುತ್ತದೆ.

ಕಿರಿಯರ ತರಗತಿಗಳಿಗೆ ಇಷ್ಟೆಲ್ಲ ಏರ್ಪಾಡು ಬೇಡ. ನಲಿಕಲಿಯ ಮಕ್ಕಳಿಗೆ ಶಿಕ್ಷಕರು ಕಲಿಸುತ್ತಿರುವ ಅಕ್ಷರಗಳು ಹೆಚ್ಚಾಗಿ ಬರುವ ಚಿತ್ರಪುಸ್ತಕ ಆರಿಸಿ ಗಟ್ಟಿಯಾಗಿ ಓದಿ ಹೇಳಿದರೆ ಆಯಿತು. ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿಯಿರಿ.

ಏಳನೆಯದು: ಅಂಕದ ಲೆಕ್ಕಕ್ಕೆ ಸೇರಿಸಿ

ಇದು ಕಹಿ ಮಾತು, ಆದರೂ ಹೇಳುತ್ತೇನೆ. ಅಂಕ ಇಲ್ಲದ ಕೆಲಸ ಡಿಸೆಂಬರ್ ದಾಟುವುದಿಲ್ಲ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ನಡೆಯುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ನಡೆಯುವ) ಮೌಲ್ಯಮಾಪನಗಳಿವೆ. ರೂಪಣಾತ್ಮಕದಲ್ಲಿ ಚಟುವಟಿಕೆಗೆ ಜಾಗ ಇದೆ. ಶಿಕ್ಷಕರು ಹೇಗೂ ಒಂದು ಚಟುವಟಿಕೆ ಮಾಡಿಸಿ ದಾಖಲೆ ಇಡಲೇಬೇಕು. ಜೊತೆಯಾಗಿ ಮಾಡಿದ ಪಾಠವೇ ಆ ಚಟುವಟಿಕೆಯಾದರೆ ಅವರಿಗೆ ಹೊರೆ ಹೆಚ್ಚುವುದಿಲ್ಲ, ತಗ್ಗುತ್ತದೆ. ಶಿಕ್ಷಕರ ಮನಸ್ಸು ಒಲಿಸಲು ನನಗೆ ಇದಕ್ಕಿಂತ ದೊಡ್ಡ ಉಪಾಯ ಸಿಕ್ಕಿಲ್ಲ.

ಅಂಕ ಹಂಚುವಾಗ ಒಂದು ಭಾಗವನ್ನು ‘ಎಲ್ಲಿಂದ ತಿಳಿಯಿತು’ ಎಂಬುದಕ್ಕೆ ಇಡಲು ಕೇಳಿ. ಪುಸ್ತಕದ ಹೆಸರು, ಬರೆದವರು, ಪುಟ; ಇಲ್ಲವೇ ‘ನಮ್ಮ ಅಜ್ಜಿ ಹೇಳಿದ್ದು’. ಅಜ್ಜಿಯ ಹೆಸರು ಬರೆದವನಿಗೂ ಪೂರ್ಣ ಅಂಕ ಕೊಡಿ. ಅಂತರ್ಜಾಲ ಎಂದಷ್ಟೇ ಬರೆದವನಿಗೆ ಕೊಡಬೇಡಿ, ಯಾವ ತಾಣ ಎಂದು ಕೇಳಿ. ‘ಈ ಭಾಗವನ್ನು ನಾನೇ ತಿದ್ದಿಕೊಡುತ್ತೇನೆ’ ಎಂದರೆ ಶಿಕ್ಷಕರು ಬೇಡವೆನ್ನುವುದಿಲ್ಲ.

ಎಂಟನೆಯದು: ಬೀಗದ ವಿಚಾರ

ಇಷ್ಟು ಓದಿದವರಲ್ಲಿ ಅನೇಕರು ಮನಸ್ಸಿನಲ್ಲೇ ಕೇಳುತ್ತಿರಬಹುದು: ಬುಟ್ಟಿ ತರಗತಿಗೆ ಹೋದರೆ ಪುಸ್ತಕ ಕಳೆಯುತ್ತದೆ, ಯಾರು ಹೊಣೆ? ಶಾಲಾ ಗ್ರಂಥಾಲಯದ ಬೀರುಗಳು ಬೀಗ ಹಾಕಿಕೊಂಡೇ ಇರಲು ಇದೊಂದೇ ಕಾರಣ. ದಾಸ್ತಾನು ವಹಿಯಲ್ಲಿ ಸಹಿ ಮಾಡಿದವರ ಸಂಬಳದಿಂದ ವಸೂಲಿಯಾದೀತು ಎಂಬ ಭಯ. ತಪಾಸಣೆಗೆ ಬಂದವರು ಎಷ್ಟು ಮಕ್ಕಳು ಓದಿದರು ಎಂದು ಕೇಳುವುದಿಲ್ಲ, ಎಷ್ಟು ಪುಸ್ತಕ ಕಡಿಮೆಯಿದೆ ಎಂದು ಕೇಳುತ್ತಾರೆ. ಒಂದು ವರ್ಷ ಮೂರು ಪುಸ್ತಕ ಕಾಣೆಯಾದದ್ದಕ್ಕೆ ನನಗೂ ವಿವರಣೆ ಕೇಳಿ ಪತ್ರ ಬಂದಿತ್ತು. ಆ ವರ್ಷ ನಮ್ಮಲ್ಲಿ ಎರವಲು ಹೋದ ಪುಸ್ತಕಗಳು ಎರಡು ಸಾವಿರ ದಾಟಿದ್ದವು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಉದಾರವಾಗಿವೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ನೋಡಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟ ಎಂದು ಪರಿಗಣಿಸಬಹುದು ಎನ್ನುತ್ತದೆ ನಿಯಮ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಅಷ್ಟೆ. ಒಂದು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿರುವವರು ಇದನ್ನು ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಉಳಿದವರು ಇದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಆಡಳಿತ ಮಂಡಳಿ ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವರ್ಷದ ಆರಂಭದಲ್ಲೇ ಒಂದು ನಿರ್ಣಯ ಬರೆಸಿಕೊಳ್ಳಿ. ಪುಸ್ತಕ ಕಳೆದ ಮೇಲೆ ನಿರ್ಣಯ ಬರೆಸಲು ಹೋದರೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ.

ಗಮನಿಸಿ, ಲೆಕ್ಕ ಇರುವುದು ಓಡಾಡಿದ ಪುಸ್ತಕಗಳ ಮೇಲೆ. ಹೆಚ್ಚು ಪುಸ್ತಕ ಕೈಗೆ ಕೊಟ್ಟಷ್ಟೂ ನಿಮಗೇ ರಕ್ಷಣೆ. ಹಾಗಾಗಿ ಬುಟ್ಟಿಯಲ್ಲಿ ಹೋದದ್ದನ್ನೂ ಎರವಲು ವಹಿಯಲ್ಲಿ ಬರೆಯಿರಿ. ತರಗತಿಯಲ್ಲಿ ಬುಟ್ಟಿಯ ಲೆಕ್ಕಕ್ಕೆ ಇಬ್ಬರು ಮಕ್ಕಳನ್ನು ನೇಮಿಸಿದರೆ ಶಿಕ್ಷಕರ ತಲೆನೋವು ಇಳಿಯುತ್ತದೆ. ಪುಸ್ತಕ ಕಳೆದರೆ ಶಿಕ್ಷಕರಿಂದ ಹಣ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಒಮ್ಮೆ ಕೇಳಿದಿರೋ, ಆ ಶಿಕ್ಷಕರು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ.

ಮುಖ್ಯೋಪಾಧ್ಯಾಯರಿಗೆ ಹೇಳಬೇಕಾದ್ದು

ಅವರ ಬಳಿ ದೂರು ಒಯ್ಯಬೇಡಿ, ಒಂದು ಮುಗಿದ ಪಾಠವನ್ನು ಒಯ್ಯಿರಿ. ಮಕ್ಕಳು ಬರೆದ ನಾಲ್ಕು ಹಾಳೆ ತೋರಿಸಿ, ಆಮೇಲೆ ಎರಡು ಬೇಡಿಕೆ ಇಡಿ. ಒಂದು, ಯಾರಾದರೂ ಶಿಕ್ಷಕರು ರಜೆ ಹಾಕಿದ ಕೂಡಲೇ ತರಗತಿಯನ್ನು ಗ್ರಂಥಾಲಯಕ್ಕೆ ಅಟ್ಟುವ ಪದ್ಧತಿಗೆ ಮಿತಿ ಇರಲಿ. ವಾರಕ್ಕೆ ಎರಡು ಅವಧಿಯಾದರೂ ಜೊತೆ ಪಾಠಕ್ಕೆ ಮೀಸಲಿರಲಿ. ಎರಡು, ವೇಳಾಪಟ್ಟಿ ಬರೆಯುವಾಗ ಗ್ರಂಥಾಲಯದ ಅವಧಿ ಶನಿವಾರದ ಕೊನೆಗೆ ಬೀಳದಿರಲಿ. ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯದ ಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಆದರೆ ಕಾಯ್ದೆಯ ಪುಟ ಹಿಡಿದು ಹೋದವರಿಗಿಂತ ಮಕ್ಕಳ ಹಾಳೆ ಹಿಡಿದು ಹೋದವರಿಗೆ ಅವಧಿ ಬೇಗ ಸಿಗುತ್ತದೆ.

ಖರೀದಿ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆ, ಶಾಲೆಯ ಹಂತಕ್ಕೆ ತಕ್ಕಂತೆ, ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶ ಇದೆ. ಖಾಸಗಿ ಶಾಲೆಗಳದ್ದು ಅವರವರ ಲೆಕ್ಕ. ಯಾರದೇ ಆಗಲಿ, ಹಣ ಖರ್ಚಾಗುವುದು ಹೆಚ್ಚಾಗಿ ವರ್ಷದ ಕೊನೆಯ ಗಡಿಬಿಡಿಯಲ್ಲಿ. ಆಗ ಸಿಕ್ಕಿದ್ದೇ ಪುಸ್ತಕ. ಇದಕ್ಕೆ ಮದ್ದು ‘ಪಾಠದ ಪುಸ್ತಕ’ದಲ್ಲೇ ಇದೆ. ಬಲಪುಟ ಖಾಲಿ ಉಳಿದ ಪಾಠಗಳ ಪಟ್ಟಿ ಮಾಡಿ, ಆಯಾ ಶಿಕ್ಷಕರಿಗೆ ತೋರಿಸಿ, ಪ್ರತಿಯೊಬ್ಬರಿಂದ ಎರಡೆರಡು ಪುಸ್ತಕದ ಹೆಸರು ಪಡೆದು ಇಟ್ಟುಕೊಳ್ಳಿ. ಹಣ ಬಂದ ದಿನ ಪಟ್ಟಿ ಸಿದ್ಧವಿರುತ್ತದೆ. ತಾವು ಹೇಳಿದ ಪುಸ್ತಕ ಬಂದಿದೆ ಎಂದು ತಿಳಿದ ಶಿಕ್ಷಕರು ಅದನ್ನು ನೋಡಲಾದರೂ ಬಂದೇ ಬರುತ್ತಾರೆ.

ಗ್ರಂಥಪಾಲಕರೇ ಇಲ್ಲದ ಶಾಲೆಯಲ್ಲಿ

ನಮ್ಮ ಬಹುಪಾಲು ಸರ್ಕಾರಿ ಶಾಲೆಗಳ ಸ್ಥಿತಿ ಇದೇ. ಒಬ್ಬ ಸಹಶಿಕ್ಷಕರಿಗೆ ಬೀರುವಿನ ಉಸ್ತುವಾರಿ ಇರುತ್ತದೆ. ವಾರಕ್ಕೆ ಮೂವತ್ತು ಅವಧಿ ಪಾಠ ಮಾಡುವವರಿಂದ ಮೇಲೆ ಹೇಳಿದ್ದನ್ನೆಲ್ಲ ಬಯಸುವುದು ಅನ್ಯಾಯ. ಅಂಥವರು ಎರಡೇ ಕೆಲಸ ಮಾಡಲಿ: ತಮ್ಮದೇ ವಿಷಯದ ‘ಪಾಠದ ಪುಸ್ತಕ’ ಬರೆಯುವುದು, ತಿಂಗಳಿಗೆ ಒಂದು ಬುಟ್ಟಿ ತುಂಬಿ ಒಬ್ಬ ಸಹೋದ್ಯೋಗಿಗೆ ಕೊಡುವುದು.

ಇನ್ನೊಂದು ಬಾಗಿಲು ಊರಿನಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತಿದೆ. ಅಲ್ಲಿನ ಮೇಲ್ವಿಚಾರಕರನ್ನು ಒಮ್ಮೆ ಶಾಲೆಗೆ ಕರೆದು ಟೀ ಕೊಟ್ಟು, ಮುಂದಿನ ತಿಂಗಳ ಪಾಠಗಳ ಪಟ್ಟಿಯನ್ನು ಕೈಗೆ ಕೊಡಿ. ಸಂಜೆ ಮಕ್ಕಳು ಹೋದಾಗ ಬೇಕಾದ ಪುಸ್ತಕ ಮುಂದಿನ ಸಾಲಿನಲ್ಲಿ ಇರುವಂತೆ ಅವರು ನೋಡಿಕೊಳ್ಳಬಲ್ಲರು. ಮೇಲ್ವಿಚಾರಕರು ಹೆಚ್ಚಾಗಿ ಅದೇ ಊರಿನವರು, ಮಕ್ಕಳ ಅಪ್ಪ ಅಮ್ಮನ ಹೆಸರೂ ಅವರಿಗೆ ಗೊತ್ತಿರುತ್ತದೆ.

ಮಾರ್ಚ್‌ನಲ್ಲಿ

ಪ್ರತಿ ಜೊತೆ ಪಾಠ ಮುಗಿದ ದಿನವೇ ‘ಪಾಠದ ಪುಸ್ತಕ’ದಲ್ಲಿ ಮೂರು ಸಾಲು ಬರೆಯಿರಿ: ಯಾವ ಪುಸ್ತಕಕ್ಕೆ ಮಕ್ಕಳು ಕಿತ್ತಾಡಿದರು, ಯಾವುದನ್ನು ಯಾರೂ ತೆರೆಯಲಿಲ್ಲ, ಪ್ರಶ್ನೆಯಲ್ಲಿ ಏನು ಬದಲಿಸಬೇಕು. ಮಾರ್ಚ್ ಕೊನೆಗೆ ಆ ಸಾಲುಗಳನ್ನು ಶಿಕ್ಷಕರ ಜೊತೆ ಕುಳಿತು ಓದಿ, ಮುಂದಿನ ವರ್ಷಕ್ಕೆ ಇನ್ನೊಬ್ಬ ಶಿಕ್ಷಕರ ಹೆಸರು ಸೇರಿಸಿ. ನನಗೆ ಮೊದಲ ವರ್ಷ ಸಿಕ್ಕಿದ್ದು ಒಂದೇ ಪಾಠ, ಎರಡನೇ ವರ್ಷ ನಾಲ್ಕು. ವಿಜ್ಞಾನದ ಮೇಡಂ ಮೂರನೇ ವರ್ಷ ಸೇರಿಕೊಂಡರು.

ವರ್ಗಾವಣೆಯೋ ನಿವೃತ್ತಿಯೋ ಆಗಿ ಪ್ರಭಾರ ವಹಿಸಿಕೊಡುವಾಗ ದಾಸ್ತಾನು ವಹಿ, ಎರವಲು ವಹಿ, ಬೀರುವಿನ ಕೀಲಿಕೈಗಳ ಪಟ್ಟಿಯಲ್ಲಿ ‘ಪಾಠದ ಪುಸ್ತಕ’ವನ್ನೂ ನಾಲ್ಕನೆಯದಾಗಿ ಬರೆದು, ಬರುವವರಿಂದ ಸಹಿ ಪಡೆಯಿರಿ.